ಅಡುಗೆಮನೆ ಚೀಟಿಗಳು, ಮೂವತ್ತೊಂದು ಹಾಳೆ

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಪಯೋಗವಾಗುವಂತೆ ನಿಮ್ಮ ಅನುಭವ ಬರೆದುಕೊಡಿ ಎಂದು ಮೇಘನಾ ಕೇಳಿ ನಾಲ್ಕು ತಿಂಗಳಾಯಿತು. ಮೇಘನಾ ಈಗ ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಕೂರುತ್ತಾರೆ. ಜೆ.ಪಿ. ನಗರದ ಒಂದು ಖಾಸಗಿ ಅಧ್ಯಯನ ಸಂಸ್ಥೆಯ ದಾಖಲೆ ವಿಭಾಗ ಅದು. ರಾಯಭಾರಿಗಳಾಗಿದ್ದವರು, ಸರ್ಕಾರದ ನೀತಿಗಳನ್ನು ಕುರಿತು ಬರೆದ ವಿದ್ವಾಂಸರು, ಇಂಥವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಕಾಗದಪತ್ರಗಳು ಅಲ್ಲಿಗೆ ಬರುತ್ತವೆ. ಧೂಳು ಕೊಡವಿ, ವಿಂಗಡಿಸಿ, ಪಟ್ಟಿ ಮಾಡಿ, ಪೆಟ್ಟಿಗೆಗೆ ಹಾಕಿ, ಓದಲು ಬಂದವರಿಗೆ ಕೊಡುವುದು ನಮ್ಮ ಕೆಲಸ. ಇಪ್ಪತ್ತೊಂಬತ್ತು ವರ್ಷ ಅದನ್ನು ಮಾಡಿದೆ.

ಇಷ್ಟು ದಿನ ಬರೆಯದಿದ್ದುದಕ್ಕೆ ಪುರುಸೊತ್ತಿಲ್ಲದ್ದು ಕಾರಣವಲ್ಲ. ಬನಶಂಕರಿಯ ಮನೆಯಲ್ಲಿ ನನಗೆ ಪುರುಸೊತ್ತು ಬೇಕಾದಷ್ಟಿದೆ. ಬರೆದರೆ ಒಂದು ಪೆಟ್ಟಿಗೆಯ ಬಗ್ಗೆ ಬರೆಯಬೇಕಾಗಿತ್ತು. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಅದೂ ಒಂದು ಸುಳ್ಳೇ ಆಗುತ್ತಿತ್ತು, ಮತ್ತು ಆ ಪೆಟ್ಟಿಗೆಯ ವಿಷಯದಲ್ಲಿ ನಾನು ಆಗಲೇ ಒಂದು ಸುಳ್ಳು ಹೇಳಿದ್ದೆ.

ನನಗೆ ಕೆಲಸ ಕಲಿಸಿದವರು ಅನಂತಯ್ಯನವರು. ಸರ್ಕಾರಿ ರೆಕಾರ್ಡ್ ರೂಮೊಂದರಲ್ಲಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ಮೊದಲ ಮೂರು ವಾರ ಅವರು ನನಗೆ ಓದಲು ಏನನ್ನೂ ಕೊಡಲಿಲ್ಲ. ಗುಂಡುಪಿನ್ನು ತೆಗೆಯುವುದನ್ನು ಮಾತ್ರ ಕಲಿಸಿದರು. ಹಳೆಯ ಪಿನ್ನು ತುಕ್ಕು ಹಿಡಿದು ಕಾಗದವನ್ನು ಕಚ್ಚಿಕೊಂಡಿರುತ್ತದೆ. ಎಳೆದರೆ ಮೂಲೆ ಕಿತ್ತು ಬರುತ್ತದೆ. ಅದರ ಅಡಿಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಮೊಂಡು ಚಾಕುವಿನಿಂದ ತುಕ್ಕನ್ನು ಸಡಿಲಿಸಿ, ಪಿನ್ನು ತಾನಾಗಿ ಜಾರುವವರೆಗೆ ಕಾಯಬೇಕು. ಸ್ವಲ್ಪ ಅವಸರ ಮಾಡಿದರೂ ಅವರು ಕನ್ನಡಕದ ಮೇಲಿನಿಂದ ನೋಡಿ, "ಏನಯ್ಯ, ಕಡ್ಲೆಕಾಯಿ ಸುಲೀತಿದ್ದೀಯಾ?" ಎನ್ನುತ್ತಿದ್ದರು.

ತೆಗೆಯುವ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿತ್ತು. ಯಾವ ಹಾಳೆ ಯಾವುದಕ್ಕೆ ಚುಚ್ಚಿತ್ತು ಎಂಬುದನ್ನು ಎರಡರ ಮೂಲೆಯಲ್ಲೂ ಪೆನ್ಸಿಲಿನಿಂದ ಸಣ್ಣ ಅಂಕಿಯಲ್ಲಿ ಬರೆಯಬೇಕು. ಇದೇಕೆ ಎಂದು ನಾನು ಕೇಳಿದ್ದೆ.

"ಪಿನ್ನು ಹಾಕ್ದೋನಿಗೆ ಏನೋ ಗೊತ್ತಿತ್ತು ಕಣಯ್ಯ. ನಿಂಗೆ ಗೊತ್ತಿಲ್ಲ," ಎಂದರು ಅನಂತಯ್ಯ. "ಅದಕ್ಕೇ ಮೊದ್ಲು ಬರ್ಕೋ. ಆಮೇಲೆ ತೆಗಿ."

ಎರಡನೆಯ ವರ್ಷ ನಾನು ಮಾಡಿದ ತಪ್ಪು ಎಲ್ಲರಿಗೂ ಗೊತ್ತಿದೆ, ಏಕೆಂದರೆ ಅದನ್ನು ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಪಡಿತರ ವ್ಯವಸ್ಥೆಯನ್ನು ಕುರಿತು ಬರೆದ ಒಬ್ಬ ವಿದ್ವಾಂಸರ ಮನೆಯಿಂದ ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳ ಹನ್ನೊಂದು ಕಟ್ಟು ಬಂದಿತ್ತು. ಮೂರು ವಾರ ಕೂತು ಒಂದೊಂದಕ್ಕೂ ಶೀರ್ಷಿಕೆ ಬರೆದೆ. ಪಟ್ಟಿ ನೋಡಿದ ನಿರ್ದೇಶಕರು, "ಇವರು ಪಡಿತರದ ಬಗ್ಗೆ ಬರ್ದೋರೋ, ಸಿಮೆಂಟ್ ವ್ಯಾಪಾರ ಮಾಡ್ತಿದ್ರೋ?" ಎಂದು ಕೇಳಿದರು. ಕಟ್ಟುಗಳನ್ನು ಯಾರೋ ಕವುಚಿ ಕಟ್ಟಿದ್ದರು. ನಾನು ಉದ್ದಕ್ಕೂ ತಪ್ಪು ಬದಿಯನ್ನು ಓದಿ ಸಿಮೆಂಟ್ ಜಾಹೀರಾತು, ಕ್ರಿಕೆಟ್ಟು, ಚಿತ್ರಮಂದಿರಗಳ ಆಟದ ಹೊತ್ತು ಇವನ್ನೆಲ್ಲ ಶ್ರದ್ಧೆಯಿಂದ ಪಟ್ಟಿ ಮಾಡಿದ್ದೆ. ಆರು ತಿಂಗಳು ಕಚೇರಿಯ ಜವಾನರೂ ನನ್ನನ್ನು ಸಿಮೆಂಟ್ ಸಾರ್ ಎಂದೇ ಕರೆದರು. ಪತ್ರಿಕೆಯ ತುಣುಕನ್ನು ತಿರುಗಿಸಿ ನೋಡಬೇಕು ಎಂಬುದನ್ನು ಅಂದು ಕಲಿತೆ. ಪತ್ರಿಕೆಯ ತುಣುಕಿನ ಮಟ್ಟಿಗೆ ಮಾತ್ರ ಕಲಿತೆ.

ಈಗ ಆ ಪೆಟ್ಟಿಗೆಗೆ ಬರುತ್ತೇನೆ.

ಕೊಲ್ಲಿ ದೇಶವೊಂದರಲ್ಲಿ ರಾಯಭಾರಿಯಾಗಿದ್ದ ಒಬ್ಬರು ನಿವೃತ್ತರಾದ ಮೇಲೆ ಜಯನಗರದಲ್ಲಿ ನೆಲೆಸಿದ್ದರು. ಅವರು ತೀರಿಕೊಂಡ ವರ್ಷದೊಳಗೆ ಅವರ ಪತ್ನಿ ಎರಡು ತಗಡಿನ ಟ್ರಂಕು, ಒಂದು ಸೂಟ್‌ಕೇಸು ಕಾಗದಗಳನ್ನು ನಮಗೆ ಕೊಟ್ಟರು. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಟಿಪ್ಪಣಿಯ ಕರಡು. ನಮ್ಮ ಕಡೆಯಿಂದ ಆ ದೇಶಕ್ಕೆ ಮನೆಗೆಲಸಕ್ಕೆ ಹೋಗುವ ಹೆಂಗಸರ ಪಾಸ್‌ಪೋರ್ಟನ್ನು ಕೆಲಸಕ್ಕಿಟ್ಟುಕೊಂಡ ಮನೆಯವರು ಕಿತ್ತಿಟ್ಟುಕೊಳ್ಳುತ್ತಾರೆ, ಅದು ನಿಲ್ಲಬೇಕು, ಓಡಿಬಂದವರಿಗೆ ರಾಯಭಾರ ಕಚೇರಿಯಲ್ಲೇ ಒಂದು ಆಸರೆಯ ಕೋಣೆ ಬೇಕು ಎಂದು ಅವರು ದೆಹಲಿಗೆ ಬರೆದದ್ದು. ಅದನ್ನು ಓದಲೆಂದೇ ದೂರದಿಂದ ವಿದ್ವಾಂಸರು ಬರುತ್ತಿದ್ದರು, ಈಗಲೂ ಬರುತ್ತಾರೆ.

ಟ್ರಂಕು ಬಂದಾಗ ಅನಂತಯ್ಯ ಇರಲಿಲ್ಲ. ವಿಭಾಗಕ್ಕೆ ನಾನೇ ಹಿರಿಯ. ಆರು ವಾರದಲ್ಲಿ ಸಂಗ್ರಹದ ಉದ್ಘಾಟನೆ ಎಂದು ನಿರ್ದೇಶಕರು ದಿನ ಗೊತ್ತು ಮಾಡಿಬಿಟ್ಟಿದ್ದರು. ಆದರೆ ನಾನು ಮುಂದೆ ಮಾಡಿದ್ದನ್ನು ಅವರು ಮಾಡು ಎಂದು ಹೇಳಿರಲಿಲ್ಲ. ಅವರು ಈಗಿಲ್ಲ, ಇಲ್ಲದವರ ಮೇಲೆ ಹೊರಿಸುವುದು ಸುಲಭ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಕರಡಿನ ಟೈಪು ಮಾಡಿದ ಪ್ರತಿ ಹಾಳೆಯ ಹಿಂದೆ ಒಂದೋ ಎರಡೋ ಸಣ್ಣ ಹಾಳೆಗಳನ್ನು ಗುಂಡುಪಿನ್ನಿನಿಂದ ಚುಚ್ಚಲಾಗಿತ್ತು. ಪಿನ್ನುಗಳು ಕಂದು ತುಕ್ಕು ಹಿಡಿದಿದ್ದವು. ನಾನು ಅವನ್ನು ತೆಗೆದೆ. ಪೆನ್ಸಿಲಿನ ಅಂಕಿ ಬರೆಯುವುದನ್ನು ಆ ಹೊತ್ತಿಗೆ ಬಿಟ್ಟುಬಿಟ್ಟಿದ್ದೆ. ಬಿಟ್ಟು ಎಷ್ಟು ದಿನವಾಗಿತ್ತು ಎಂದು ನೆನಪಿಲ್ಲ. ಉದ್ಘಾಟನೆಯ ಅವಸರಕ್ಕೆ ಬಿಟ್ಟೆ ಎಂದರೆ ನನಗೆ ಅನುಕೂಲ, ಆದರೆ ಅದಕ್ಕೂ ಮುಂಚೆಯೇ ಬಿಟ್ಟಿದ್ದೆ ಎಂದು ನನ್ನ ಅನುಮಾನ. ಸಣ್ಣ ಹಾಳೆಗಳನ್ನು ಬಿಡಿಸಿ ಮೇಜಿನ ಮೇಲೆ ಒಟ್ಟಿದಾಗ ಮೇಲಿನ ಎರಡನ್ನು ಓದಿದೆ. ಕನ್ನಡದಲ್ಲಿತ್ತು. ಬದನೆಕಾಯಿ, ಟೊಮ್ಯಾಟೊ, ಕೊತ್ತಂಬರಿ ಸೊಪ್ಪು, ಮೊಸರು ಎರಡು ಡಬ್ಬ. ಎರಡನೆಯದರಲ್ಲೂ ಅಂಥದ್ದೇ. ಮೂರನೆಯದನ್ನು ಓದಲಿಲ್ಲ.

ನಮ್ಮಲ್ಲಿ ಒಂದು ರೂಢಿ ಇತ್ತು. ಯಾವ ನಿಯಮದ ಪುಸ್ತಕದಲ್ಲೂ ಅದು ಇರಲಿಲ್ಲ. ಇಂಗ್ಲಿಷಿನಲ್ಲಿರುವುದು ಕಚೇರಿಯದು, ಕನ್ನಡದಲ್ಲಿರುವುದು ಮನೆಯದು. ಇಂಥ ದೊಡ್ಡವರ ಟ್ರಂಕಿನಲ್ಲಿ ಕನ್ನಡ ಕಂಡರೆ ಅದು ತಾಯಿಯ ಕಾಗದ, ಲಗ್ನಪತ್ರಿಕೆ, ಅಗಸನ ಚೀಟಿ. ಮನೆಯದು ಎಂದರೆ ಕುಟುಂಬದ ಪೆಟ್ಟಿಗೆಗೆ ಹೋಗುತ್ತಿತ್ತು, ಇಲ್ಲವೇ ವಿಲೇವಾರಿಗೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತನಾಡದ ನಾನು ಈ ರೂಢಿಯನ್ನು ಒಂದು ದಿನವೂ ಪ್ರಶ್ನಿಸಿದವನಲ್ಲ. ಇಂಗ್ಲಿಷಿನ ಹಾಳೆಗಳನ್ನು ಸಾಲು ಸಾಲು ಓದುತ್ತಿದ್ದೆ. ನನ್ನ ಭಾಷೆಯ ಹಾಳೆಯನ್ನು ಕಣ್ಣಾಡಿಸಿ ಪಕ್ಕಕ್ಕಿಡುತ್ತಿದ್ದೆ.

ತೆಗೆದುಹಾಕಿದ ಕಾಗದಗಳಿಗೆಂದು ಒಂದು ಪುಸ್ತಕವಿದೆ. ಅದರಲ್ಲಿ ನನ್ನ ಕೈಬರಹದಲ್ಲಿ ಹೀಗಿದೆ: "ಅಡುಗೆಮನೆ ಚೀಟಿಗಳು, ಕನ್ನಡ, ಮೂವತ್ತೊಂದು ಹಾಳೆ." ಪಕ್ಕದಲ್ಲಿ ನನ್ನ ಸಹಿ. ಹಾಳೆಗಳು ಕಾಗದವನ್ನು ಚೂರು ಮಾಡುವ ಯಂತ್ರಕ್ಕೆ ಹೋದವು.

ಹಿಂಬದಿಯಲ್ಲೂ ಬರಹವಿತ್ತು. ತೆಳು ಕಾಗದ, ಶಾಯಿ ಈ ಕಡೆಗೆ ಸ್ವಲ್ಪವಾದರೂ ಮೂಡಿರಲೇಬೇಕು. ನೋಡಿದ ನೆನಪು ನನಗಿಲ್ಲ. ನೋಡಲೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಲೂ ಆರೆ.

ಎಚ್ಚರಿಕೆ ಬರಲಿಲ್ಲವೆಂದಲ್ಲ. ಕರಡಿನ ಕೊನೆಯಲ್ಲಿ, ಲಗತ್ತಿಸಿದ ಹಾಳೆಗಳನ್ನು ನೋಡುವುದು ಎಂದು ರಾಯಭಾರಿಗಳು ಟೈಪು ಮಾಡಿಸಿದ್ದರು. ಓದಲು ಬಂದ ಒಬ್ಬ ಸಂಶೋಧಕಿ ಆ ಹಾಳೆಗಳೆಲ್ಲಿ ಎಂದು ಕೇಳಿದರು. ಮೂಲ ಟಿಪ್ಪಣಿಯ ಜೊತೆ ದೆಹಲಿಗೆ ಹೋಗಿರಬೇಕು ಎಂದೆ. ಆಗ ಅದು ಸುಳ್ಳಾಗಿರಲಿಲ್ಲ, ನಾನು ಹಾಗೇ ನಂಬಿದ್ದೆ. ಮುಂದೆ ಸ್ಕ್ಯಾನರ್ ಬಂದಾಗ, ಖಾಲಿ ಬದಿಗಳನ್ನು ಯಂತ್ರವೇ ಬಿಟ್ಟುಬಿಡಲಿ, ಕೆಲಸ ಬೇಗ ಮುಗಿಯುತ್ತದೆ ಎಂದು ಒಪ್ಪಿಗೆ ಕೊಟ್ಟವನೂ ನಾನೇ. ಹಾಗಾಗಿ ಕಂಪ್ಯೂಟರಿನ ಪರದೆಯ ಮೇಲೆ ಆ ಕರಡು ಬಹಳ ಚೊಕ್ಕಟವಾಗಿ ಕಾಣುತ್ತದೆ.

ನಾನು ನಿವೃತ್ತನಾಗಲು ಎರಡು ವರ್ಷವಿದ್ದಾಗ ಗೇಟಿನಿಂದ ಫೋನು ಬಂತು. ಇಬ್ಬರು ಹೆಂಗಸರು ಬಂದಿದ್ದಾರೆ, ವಿಶ್ವವಿದ್ಯಾಲಯದ ಪತ್ರವೇನೂ ಇಲ್ಲ, ಕಳಿಸಲೋ ಬೇಡವೋ ಎಂದು. ಕಳಿಸಿ ಎಂದೆ. ಹಿರಿಯವರಿಗೆ ಅರವತ್ತರ ಆಸುಪಾಸು. ಕೈಮಗ್ಗದ ಸೀರೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಕೊಟ್ಟ ಕುರ್ಚಿಯಲ್ಲಿ ಕೂರದೆ ಅದರ ಬೆನ್ನು ಹಿಡಿದು ನಿಂತರು.

"ಸಾರ್, ನಾನು ಜಯಮ್ಮ ಅಂತ. ಕೋಣನಕುಂಟೆ. ಸಾಹೇಬ್ರ ಜೊತೆ ಆ ದೇಶದಾಗೆ ಅಡುಗೆಗಿದ್ದೆ," ಎಂದರು. "ಅವರ ಪೇಪರೆಲ್ಲ ನಿಮ್ಗೇ ಕೊಟ್ಟಿವ್ನಿ ಅಂತ ಅಮ್ಮಾವ್ರು ಹೇಳಿದ್ರು. ಅದ್ರಾಗೆ ನಾನ್ ಬರ್ದಿದ್ದೂ ಐತೆ."

ಅವರು ಹೇಳಿದ್ದನ್ನು ಇಲ್ಲಿ ಸಂಕ್ಷೇಪಿಸುತ್ತೇನೆ. ಮನೆಗೆಲಸದಿಂದ ತಪ್ಪಿಸಿಕೊಂಡು ಬಂದ ಹೆಂಗಸರು ರಾಯಭಾರ ಕಚೇರಿಯ ಮುಂಬಾಗಿಲಿಗೆ ಬರಲು ಹೆದರುತ್ತಿದ್ದರು. ಬರುತ್ತಿದ್ದುದು ಸಾಹೇಬರ ಮನೆಯ ಅಡುಗೆಮನೆಯ ಹಿಂಬಾಗಿಲಿಗೆ. ಜಯಮ್ಮ ಅವರಿಗೆ ಊಟ ಹಾಕಿ, ಕನ್ನಡದವರದು ಕನ್ನಡದಲ್ಲಿ, ತೆಲುಗು ತಮಿಳಿನವರದನ್ನು ಕೇಳಿ ತಿಳಿದುಕೊಂಡು, ಅವರು ಹೇಳಿದ್ದನ್ನೆಲ್ಲ ಬರೆಯುತ್ತಿದ್ದರು. ಏಳನೆಯ ತರಗತಿಯವರೆಗೆ ಓದಿದ್ದರು. ಬರೆಯಲು ಬೇರೆ ಕಾಗದ ಕೇಳುವುದಕ್ಕೆ ಸಂಕೋಚ. ತರಕಾರಿ ಪಟ್ಟಿಯ ಹಾಳೆಗಳ ಹಿಂಬದಿಯಲ್ಲೇ ಬರೆದರು. ಸಾಹೇಬರು ಅದನ್ನು ಓದಿಸಿ ಕೇಳಿ, ತಮ್ಮ ಇಂಗ್ಲಿಷಿನ ಹಾಳೆಯ ಹಿಂದೆ ತಾವೇ ಪಿನ್ನು ಚುಚ್ಚಿಟ್ಟುಕೊಳ್ಳುತ್ತಿದ್ದರಂತೆ. ಇದು ಅಡುಗೆಯವಳ ಬರಹ ಎಂದು ಅವರು ಮುಚ್ಚಿಟ್ಟವರಲ್ಲ. ಜೋಪಾನವಾಗಿ ಕಾಪಾಡಿದ್ದರು. ಬಿಡಿಸಿದವನು ನಾನು.

ಜೊತೆಗೆ ಬಂದಿದ್ದ ಮೂವತ್ತು ದಾಟಿದ ಹೆಂಗಸಿನ ಹೆಸರು ಲಲಿತಾ. ಹುಳಿಮಾವಿನವರು, ಹೊಲಿಗೆಯ ಅಂಗಡಿ ಇಟ್ಟುಕೊಂಡಿದ್ದರು. ಅವರ ತಾಯಿ ರತ್ನ, ಮಗಳು ನಾಲ್ಕು ವರ್ಷದವಳಿದ್ದಾಗ ಆ ದೇಶಕ್ಕೆ ಕೆಲಸಕ್ಕೆ ಹೋದವಳು, ಹಿಂದಿರುಗಲೇ ಇಲ್ಲ. ಒಂದು ಕಾಗದವನ್ನೂ ಹಾಕಲಿಲ್ಲ. ಅಲ್ಲಿ ಯಾರನ್ನೋ ಕಟ್ಟಿಕೊಂಡು ಮಕ್ಕಳನ್ನು ಮರೆತಳು ಎಂದು ಮನೆಯಲ್ಲಿ ಮಾತಾಯಿತು. ಲಲಿತಾ ಮತ್ತು ಅವರ ಅಣ್ಣನನ್ನು ಸಾಕಿದ ಸೋದರತ್ತೆ ಆ ಮಾತನ್ನೇ ನಂಬಿದ್ದರು. ಜಯಮ್ಮ ಇಷ್ಟು ವರ್ಷ ರತ್ನ ಹೇಗೋ ಊರು ಸೇರಿರಬೇಕು ಎಂದುಕೊಂಡಿದ್ದರು. ಹುಳಿಮಾವಿನಲ್ಲಿ ಯಾರದೋ ಮನೆಯ ನಾಮಕರಣಕ್ಕೆ ಹೋದಾಗ ಅವಳು ಬರಲೇ ಇಲ್ಲ ಎಂದು ತಿಳಿಯಿತು. ರತ್ನ ಎರಡು ಸಲ ಹಿಂಬಾಗಿಲಿಗೆ ಬಂದಿದ್ದಳು. ಮೂರನೆಯ ಸಲ ಬರುತ್ತೇನೆಂದವಳು ಬರಲಿಲ್ಲ. ಸಾಹೇಬರು ವಿಚಾರಿಸಿದಾಗ ಅವಳು ಬೇರೆ ಊರಿಗೆ ಹೋದಳು ಎಂದು ಆ ಮನೆಯವರು ಹೇಳಿ ಕಳಿಸಿದ್ದರು.

"ಅವಳು ಹೇಳಿದ್ನೆಲ್ಲ ಬರ್ದಿವ್ನಿ ಸಾರ್. ಎರಡು ಹಾಳೆ. ಈ ಮಗೀಗೆ ಒಂದ್ಸಲ ಓದಿ ಹೇಳ್ಬುಡಿ, ಸಾಕು," ಎಂದರು ಜಯಮ್ಮ.

ನಾನು ಒಳಗೆ ಹೋದೆ. ಪಟ್ಟಿ ನೋಡುವ ಅಗತ್ಯವಿರಲಿಲ್ಲ. ತೆಗೆದುಹಾಕಿದ ಕಾಗದಗಳ ಪುಸ್ತಕವನ್ನು ಕಪಾಟಿನಿಂದ ಇಳಿಸಿ, ಆ ಪುಟ ತೆಗೆದು, ನನ್ನ ಸಹಿಯನ್ನು ನೋಡಿದೆ. ಪುಸ್ತಕವನ್ನು ಮತ್ತೆ ಕಪಾಟಿನಲ್ಲಿಟ್ಟೆ. ಹೊರಗೆ ಬಂದೆ.

"ಅಂಥದ್ದೇನೂ ನಮಗೆ ಬಂದಿಲ್ಲಮ್ಮ," ಎಂದೆ.

ಇದನ್ನು ಯಾಕೆ ಹೇಳಿದೆ ಎಂದು ಈ ಆರು ವರ್ಷ ಯೋಚಿಸಿದ್ದೇನೆ. ಕೆಲಸ ಹೋಗುತ್ತಿರಲಿಲ್ಲ. ನೋಟೀಸು ಬರುತ್ತಿರಲಿಲ್ಲ. ತಪ್ಪಾಗಿದೆ ಎಂದು ಒಪ್ಪಿಕೊಂಡಿದ್ದರೆ ಆ ಇಬ್ಬರು ಬೈದು ಹೋಗುತ್ತಿದ್ದರು, ಅಷ್ಟೇ. ಅಡುಗೆಯವರೊಬ್ಬರ ಮುಂದೆ ಸಣ್ಣವನಾಗುವುದು ನನಗೆ ಬೇಡವಾಗಿತ್ತು. ಇದಕ್ಕಿಂತ ಗೌರವದ ಕಾರಣ ಹುಡುಕಿದೆ, ಸಿಗಲಿಲ್ಲ.

ಲಲಿತಾ ನನ್ನನ್ನು ನೋಡಲಿಲ್ಲ. ಜಯಮ್ಮನ ಕಡೆ ತಿರುಗಿ, "ನಿಜವಾಗ್ಲೂ ಬರ್ದಿದ್ರಾ ಆಂಟಿ?" ಎಂದು ಕೇಳಿದರು.

"ಬರ್ದಿದ್ದೆ ಕಣಮ್ಮ."

"ಇವರು ಬಂದೇ ಇಲ್ಲ ಅಂತಿದ್ದಾರಲ್ಲ."

ಜಯಮ್ಮ ನನ್ನನ್ನು ನೋಡಿದರು. "ಇನ್ನೊಂದ್ಸಲ ನೋಡ್ತೀರಾ ಸಾರ್?" ಎಂದರು. ನೋಡಿದೆನಮ್ಮ ಎಂದೆ. ಅದು ನಿಜವಾಗಿತ್ತು.

ಇಬ್ಬರೂ ಮೆಟ್ಟಿಲಿಳಿದು ಹೋದರು. ಬರುವಾಗ ಲಲಿತಾ ಆ ಹಿರಿಯರ ಮೊಳಕೈ ಹಿಡಿದುಕೊಂಡಿದ್ದರು. ಹೋಗುವಾಗ ಎರಡು ಮೆಟ್ಟಿಲು ಮುಂದೆ ನಡೆದರು.

ಮಾರನೆಯ ದಿನ ಕರಡನ್ನು ತರಿಸಿ ನೋಡಿದೆ. ಏಳನೆಯ ಪರಿಚ್ಛೇದದಲ್ಲಿ ನಾಲ್ಕು ವಾಕ್ಯಗಳಿವೆ. ಬೆಂಗಳೂರಿನ ದಕ್ಷಿಣಕ್ಕಿರುವ ಹಳ್ಳಿಯೊಂದರ, ಸುಮಾರು ಇಪ್ಪತ್ತೆಂಟು ವರ್ಷದ ಹೆಂಗಸು. ಇಬ್ಬರು ಸಣ್ಣ ಮಕ್ಕಳ ತಾಯಿ. ಬಂದಾಗಿನಿಂದ ಅವಳಿಗೆ ಊರಿಗೆ ಕಾಗದ ಬರೆಯಲು ಬಿಟ್ಟಿಲ್ಲ. ತನ್ನ ಪಾಸ್‌ಪೋರ್ಟು ಹಿಂದಕ್ಕೆ ಸಿಕ್ಕರೆ ಸಾಕು, ಬೇರೇನೂ ಬೇಡ ಎನ್ನುತ್ತಾಳೆ. ಹೆಸರಿಲ್ಲ. ಈ ಪರಿಚ್ಛೇದಕ್ಕೆ ಇಂಗ್ಲಿಷಿನಲ್ಲಿ ಸಾರಾಂಶ ಬರೆದವನು ನಾನೇ. ಹಾಳೆ ತಿರುಗಿಸಿದೆ. ಹಿಂದೆ ಎಡ ಮೂಲೆಯಲ್ಲಿ ಎರಡು ತೂತು, ಅವುಗಳ ನಡುವೆ ತುಕ್ಕಿನ ಗೆರೆ.

ಕಾಗದ ಬರೆಯಲು ಬಿಡದ ಮನೆಯಿಂದ ಆ ಹೆಂಗಸು ತನ್ನ ಮಾತನ್ನು ಹೊರಗೆ ದಾಟಿಸಿದ್ದು ಜಯಮ್ಮನ ಎರಡು ಹಾಳೆಗಳಲ್ಲಿ ಮಾತ್ರ. ಮಕ್ಕಳಿಗೆ ಬಂದ ಕಾಗದವೆಂದರೆ ಅದೊಂದೇ. ಅದು ಬೆಂಗಳೂರಿಗೂ ಬಂದಿತ್ತು. ಹುಳಿಮಾವಿನಿಂದ ಒಂದೆರಡು ಬಸ್ಸಿನ ದೂರದಲ್ಲಿ, ನನ್ನ ಮೇಜಿನ ಮೇಲಿತ್ತು.

ಇಷ್ಟು ತಿಳಿದ ಮೇಲೂ ನಾನು ಸುಮ್ಮನಿದ್ದೆ. ಗೇಟಿನ ಪುಸ್ತಕದಲ್ಲಿ ಇಬ್ಬರ ವಿಳಾಸವೂ ಇತ್ತು. ಎರಡು ವರ್ಷ ನೌಕರಿಯಲ್ಲಿ, ನಾಲ್ಕು ವರ್ಷ ನಿವೃತ್ತಿಯಲ್ಲಿ ಸುಮ್ಮನಿದ್ದೆ. ಬೀಳ್ಕೊಡುಗೆಯಲ್ಲಿ ಸಿಮೆಂಟಿನ ಕಥೆ ಹೇಳಿದೆ. ಎಲ್ಲರೂ ನಕ್ಕರು.

ಈ ವರ್ಷ ಆ ಸಂಗ್ರಹದ ಪಟ್ಟಿಯನ್ನು ಹೊಸದಾಗಿ ಮಾಡುತ್ತಿದ್ದ ಮೇಘನಾ ಫೋನು ಮಾಡಿದರು. "ಸಾರ್, ಒಂದ್ ಡೌಟು. ಸ್ಕ್ಯಾನ್‌ನಲ್ಲಿ ಕಾಣಲ್ಲ, ಒರಿಜಿನಲ್ ತಿರುಗ್ಸಿದ್ರೆ ಪ್ರತಿ ಪೇಜ್ ಹಿಂದೇನೂ ಪಿನ್ ತುಕ್ಕಿದೆ. ಆದ್ರೆ ಜೊತೇಲಿ ಏನೂ ಇಲ್ಲ. ಏನಿತ್ತು ಸಾರ್ ಅಲ್ಲಿ?"

ತೆಗೆದುಹಾಕಿದ ಕಾಗದಗಳ ಪುಸ್ತಕ ನೋಡಿ ಎಂದೆ. ಅವರು ಆಗಲೇ ನೋಡಿದ್ದರು. ಮುಂದೇನು ಕೇಳಬೇಕೆಂದು ತಿಳಿಯದೆ ನನ್ನನ್ನು ಕೇಳಿದ್ದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅವರಿಬ್ಬರಿಗೂ ಹೇಳಿದ್ದೀರಾ ಸಾರ್?" ಎಂದು ಮಾತ್ರ ಕೇಳಿದರು. ಗೇಟಿನ ಹಳೆಯ ಪುಸ್ತಕ ಹುಡುಕಿ ವಿಳಾಸಗಳನ್ನು ಕಳಿಸಿದರು. ಅನುಭವ ಬರೆದುಕೊಡಿ ಎಂದು ಕೇಳಿದ್ದು ಆ ಫೋನಿನ ಕೊನೆಗೆ.

ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಇಳಿದು ಹಳೆಯ ಊರಿನೊಳಗೆ ನಡೆದೆ. ಜಯಮ್ಮನ ತಮ್ಮ ಹೊಲವಿದ್ದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಕೆಳಗಿನ ಒಂದು ಕೋಣೆಯಲ್ಲಿ ಜಯಮ್ಮ ಇದ್ದಾರೆ. ನನ್ನನ್ನು ಕೂಡಲೇ ಗುರುತಿಸಿದರು. ಕೂರಿಸಿದರು. ನಾನು ಮೊದಲಿನಿಂದ ಹೇಳಿದೆ: ಟ್ರಂಕು, ಪಿನ್ನು, ತರಕಾರಿ ಪಟ್ಟಿ, ಯಂತ್ರ. ಅವತ್ತು ನಿಮಗೆ ಸುಳ್ಳು ಹೇಳಿದೆ ಎಂದೂ ಹೇಳಿದೆ.

ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ತಿರುಗ್ಸಿ ನೋಡ್ಲಿಲ್ವಾ ಸಾರ್?" ಎಂದರು.

"ಇಲ್ಲಮ್ಮ."

"ಅಷ್ಟೊಂದು ಓದಿರೋರು."

ನಾನು ಒಂದು ಏರ್ಪಾಡು ಮಾಡಿಕೊಂಡು ಹೋಗಿದ್ದೆ. ಚೀಲದಲ್ಲಿ ಒಳ್ಳೆಯ ಕಾಗದ, ಪೆನ್ನು ಇತ್ತು. ರತ್ನ ಅಂದು ಹೇಳಿದ್ದನ್ನು ನೀವು ಈಗ ಹೇಳಿ, ನಾನು ಬರೆದುಕೊಳ್ಳುತ್ತೇನೆ, ಕರಡಿನ ಜೊತೆಯಲ್ಲೇ ಇಡಿಸುತ್ತೇನೆ ಎಂದೆ. ಸರಿಪಡಿಸಬಹುದು ಎಂದು ನಾನು ನಂಬಿದ್ದೆ.

"ಬ್ಯಾಡಿ ಸಾರ್," ಎಂದರು ಜಯಮ್ಮ. "ಅವತ್ತು ಅವಳು ಎದುರಿಗೆ ಕೂತು ಹೇಳ್ತಿದ್ದಂಗೇ ಬರ್ದೆ. ಇವತ್ತು ಹೇಳಿದ್ರೆ ಅದು ನನ್ ಮಾತಾಯ್ತದೆ. ಅವಳದ್ದಲ್ಲ. ಆ ಮಗೂಗೆ ಬಾಯ್ಮಾತಲ್ಲಿ ನೆನಪಿರೋದ್ನೆಲ್ಲ ಹೇಳಿವ್ನಿ, ಅದು ನಂಬ್ಲಿಲ್ಲ. ಹಾಳೆ ಬಂದೇ ಇಲ್ಲ ಅಂತ ನೀವಂದ್ಮೇಲೆ ಯಾಕ್ ನಂಬ್ತದೆ?"

ನಲವತ್ತು ವರ್ಷ ಅಡುಗೆ ಮಾಡಿದ ಅವರಿಗೆ ತಿಳಿದಿದ್ದ ಈ ವ್ಯತ್ಯಾಸ ನನ್ನ ವೃತ್ತಿಯ ಮೊದಲ ಪಾಠ. ಪೆನ್ನು ಮುಚ್ಚಿ ಚೀಲದಲ್ಲಿಟ್ಟೆ.

"ಬರೀಬೇಕು ಅಂದ್ರೆ ನೀವ್ ಮಾಡಿದ್ದು ಬರ್ಕೊಡಿ," ಎಂದರು. "ನನ್ ಜೊತೆ ಬಂದು ಆ ಮಗು ಮುಂದೆ, ಅದ್ರ ಅತ್ತೆ ಮುಂದೆ ಹೇಳಿ."

ಆ ಭಾನುವಾರ ಆಟೋದಲ್ಲಿ ಇಬ್ಬರೂ ಹುಳಿಮಾವಿಗೆ ಹೋದೆವು. ದಾರಿಯುದ್ದಕ್ಕೂ ಜಯಮ್ಮ ಡ್ರೈವರನಿಗೆ ಎಲ್ಲಿ ತಿರುಗಬೇಕೆಂದು ಹೇಳುತ್ತಿದ್ದರು. ಲಲಿತಾ ಅವರ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಹೊಲಿಗೆಯ ಯಂತ್ರದ ಪಕ್ಕದ ಸ್ಟೂಲನ್ನು ನನಗೆ ಕೊಟ್ಟರು. ಒಳಗಿನಿಂದ ಸೋದರತ್ತೆ ಗೋಡೆ ಹಿಡಿದುಕೊಂಡು ಬಂದು ಮಂಚದ ಮೇಲೆ ಕೂತರು.

ನಾನು ನಿಂತುಕೊಂಡೇ ಹೇಳಿದೆ. ಜಯಮ್ಮನವರು ಬರೆದದ್ದು ನಿಜ, ಆ ಹಾಳೆಗಳು ನಮಗೆ ಬಂದದ್ದು ನಿಜ, ಓದದೆ ನಾಶ ಮಾಡಿದವನು ನಾನು, ಬಂದೇ ಇಲ್ಲ ಎಂದು ಸುಳ್ಳು ಹೇಳಿದವನೂ ನಾನು. ಆಮೇಲೆ ಮೇಘನಾ ಕಳಿಸಿದ್ದ ಪ್ರತಿಯಿಂದ ಏಳನೆಯ ಪರಿಚ್ಛೇದವನ್ನು ಕನ್ನಡಕ್ಕೆ ತಂದು ಓದಿದೆ. ಕಾಗದ ಬರೆಯಲು ಬಿಟ್ಟಿಲ್ಲ ಎಂಬ ವಾಕ್ಯ ಬಂದಾಗ ಅತ್ತೆ ತಲೆಯೆತ್ತಿದರು.

"ಈಗ್ ಬಂದು ಹೇಳ್ತೀರಾ," ಎಂದರು. "ಒಂದು ಕಾಗ್ದ ಹಾಕ್ಲಿಲ್ಲ ಅಂತ ಅವಳ ಫೋಟೋ ಇಳ್ಸಿದ್ದು ನಾನು. ಈ ಮಕ್ಕಳ ಕಣ್ಮುಂದೇನೇ ಇಳ್ಸಿದ್ದು."

ಹೊರಗೆ ಯಾರೋ ಬಂದು ಬ್ಲೌಸು ಆಯ್ತಾ ಅಕ್ಕ ಎಂದು ಕೇಳಿದರು. ಲಲಿತಾ ಸಂಜೆ ಬನ್ನಿ ಎಂದು ಕಳಿಸಿ, ನನ್ನ ಕಡೆ ತಿರುಗಿದರು.

"ಇದ್ರಲ್ಲಿ ನಮ್ಮಮ್ಮನ ಹೆಸ್ರು ಎಲ್ಲಿದೆ?"

ಇಲ್ಲ ಎಂದೆ. ಹೆಸರು ಇದ್ದದ್ದು ಜಯಮ್ಮನ ಹಾಳೆಯಲ್ಲಿ ಮಾತ್ರ.

"ಹಾಗಾದ್ರೆ ಇದು ನಮ್ಮಮ್ಮಂದೇ ಅಂತ ಹೆಂಗೆ ಹೇಳ್ತೀರಾ?"

"ಹುಳಿಮಾವಿಂದ ಬಂದೋಳು ಅವಳೊಬ್ಬಳೇ ಕಣಮ್ಮ," ಎಂದರು ಜಯಮ್ಮ.

ಹೌದು, ಅವರದೇ ಎಂದು ನಾನೂ ಹೇಳಿಬಿಡಬಹುದಿತ್ತು. ಮೂವರೂ ಅದಕ್ಕಾಗಿ ಕಾಯುತ್ತಿದ್ದರು. ಆದರೆ ಕರಡಿನಲ್ಲಿ ಹುಳಿಮಾವು ಎಂದಿಲ್ಲ. ಈ ಮನೆಗೆ ಸಂಬಂಧಿಸಿದಂತೆ ಇನ್ನೊಂದು ಸುಳ್ಳು ನನಗೆ ಬೇಡವಾಗಿತ್ತು, ಒಳ್ಳೆಯದಾದರೂ ಬೇಡವಾಗಿತ್ತು. ಜಯಮ್ಮನವರು ಹೇಳುವುದನ್ನು ನಾನು ನಂಬುತ್ತೇನೆ, ಖಚಿತವಾಗಿ ತೋರಿಸಬಹುದಾಗಿದ್ದ ಹಾಳೆ ಒಂದೇ ಇತ್ತು, ಅದನ್ನು ನಾನೇ ಹಾಳು ಮಾಡಿದೆ, ಹಾಗಾಗಿ ಇದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿಲ್ಲ ಎಂದೆ.

ಅಷ್ಟು ಹೇಳಿ, ಜಯಮ್ಮ ಕೇಳಿದಂತೆ ಬರೆದು ತಂದಿದ್ದ ಹೇಳಿಕೆಯನ್ನು ಲಲಿತಾ ಅವರ ಕೈಗೆ ಕೊಟ್ಟೆ. ಒಂದೇ ಹಾಳೆ, ಕನ್ನಡದಲ್ಲಿ, ಕೆಳಗೆ ನನ್ನ ಸಹಿ. ಇದರ ಇನ್ನೊಂದು ಪ್ರತಿಯನ್ನು ಮೇಘನಾ ಏಳನೆಯ ಪರಿಚ್ಛೇದದ ಹಾಳೆಯ ಜೊತೆಗಿಟ್ಟಿದ್ದಾರೆ. ಕುಟುಂಬದ ಪೆಟ್ಟಿಗೆಯಲ್ಲಿ ಅಲ್ಲ.

ಲಲಿತಾ ಬಾಗಿಲ ಬೆಳಕಿಗೆ ಹೋಗಿ ನಿಂತು ಓದಿದರು. ನಿಧಾನವಾಗಿ, ತುಟಿ ಆಡಿಸುತ್ತಾ ಓದಿದರು. ಮುಗಿದ ಮೇಲೆ ಜಯಮ್ಮನ ಹತ್ತಿರ ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತು, "ಅವತ್ತು ದಾರೀಲಿ ನಿಮ್ಜೊತೆ ಮಾತಾಡ್ಲಿಲ್ಲ ನಾನು," ಎಂದರು. ಜಯಮ್ಮ ಅವರ ತಲೆಯ ಮೇಲೆ ಕೈಯಿಟ್ಟರು.

ಆಮೇಲೆ ಲಲಿತಾ ನನ್ನ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.